ತಟ್ಟಿ ನೋಡುವುದು

ಅರಸೀಕೆರೆಯವರಿಗೆ ದೋಣಿ ಯಾಕ್ರೀ ಅಂತ
ಮೊದಲು ನಕ್ಕವನು ಲಗೇಜ್ ಆಟೋದ ಮುನಾವರ್.
ನಮ್ಮೂರ ಕೆರೆ ನೀರು ಕಂಡದ್ದಕ್ಕಿಂತ
ಕ್ರಿಕೆಟ್ಟು ಕಂಡದ್ದು ಹೆಚ್ಚು, ನಿಜ.
ಆದರೂ ಎದೆಗೆ ಎರಡು ಸ್ಟೆಂಟ್ ಹಾಕಿಸಿಕೊಂಡು ಬಂದಮೇಲೆ
ಆಸೆಗಳನ್ನು ಒಂದೊಂದಾಗಿ ಹೊಡೆದುಹಾಕುತ್ತ
ಕೊನೆಗೆ ಉಳಿದದ್ದು ಇದು:
ಭಾನುವಾರಕ್ಕೊಂದು ಮೋಟಾರು ದೋಣಿ.
ಹೊಸದಲ್ಲ. ಹೊಸದಕ್ಕೆ ಕಾಸಿಲ್ಲ,
ಹತ್ತು ವರ್ಷದ ಗ್ಯಾರಂಟಿ ನನಗೂ ಯಾರೂ ಕೊಟ್ಟಿಲ್ಲ.

ಗೊರೂರಿನ ಹಿನ್ನೀರು ಇಳಿದ ಕೆಸರಿನಲ್ಲಿ
ಚೌರಪ್ಪ ಟಾರ್ಪಾಲು ಎಳೆದ.
ಹದಿನಾಲ್ಕಡಿ ಫೈಬರ್ರು, ಮೈಮೇಲೆ ನೀಲಿ ಬಣ್ಣ,
ಹೊಚ್ಚ ಹೊಸದು.
ಮಾರುವ ಎಮ್ಮೆಗೆ ಕೊಂಬು ಹೆರೆದು ಎಣ್ಣೆ ಹಚ್ಚುವುದನ್ನು
ನಾನೂ ನೋಡಿದ್ದೇನೆ. ಸುಮ್ಮನಿದ್ದೆ.
ನೀಲಿಯ ಅಡಿಯಿಂದ ಹಳೆಯ ಹೆಸರು
ಬಾಣಂತಿಯ ಹೊಟ್ಟೆಯ ಗೆರೆಗಳಂತೆ ಉಬ್ಬಿತ್ತು,
ಓದಲು ಮಾತ್ರ ಆಗಲಿಲ್ಲ.

ನಾನು ಎಂಜಿನ್ ಕಡೆ ಹೋದೆ, ಗಂಡಸಲ್ಲವೇ.
ಯಮಹಾ, ಇಪ್ಪತ್ತೈದು ಕುದುರೆ,
ಒಂದೆರಡು ಕುದುರೆ ಸತ್ತಿರಬಹುದು.
ಗೇರ್ ಆಯಿಲಿನ ಬಿರಡೆ ಬಿಚ್ಚಿ ಬೆರಳದ್ದಿ ನೋಡಿದರೆ
ಹಾಲು ಬೆರೆಸಿದ ಕಾಫಿಯ ಬಣ್ಣ.
'ನೀರು ಸೇರಿದೆ' ಅಂದೆ.
'ಹಾಸನದಲ್ಲಿ ಎಲ್ಲಾ ಕಾಫಿ ಬಣ್ಣವೇ ಸಾರ್' ಅಂದ ಚೌರಪ್ಪ.

ನಂಜಮ್ಮಣ್ಣಿ ಚಪ್ಪಲಿ ಕಳಚಿಟ್ಟು
ದೋಣಿಯ ಸುತ್ತ ನಡೆಯತೊಡಗಿದಳು.
ನಲವತ್ತೆರಡು ವರ್ಷ ಕೊಬ್ಬರಿ ವ್ಯಾಪಾರ ಮಾಡಿದ ಕಿವಿ.
ಅಟ್ಟದ ಮೇಲಿನ ಸಾವಿರ ಕಾಯಿಯಲ್ಲಿ
ಯಾವುದು ಉಂಡೆ ಕಟ್ಟಿದೆ, ಯಾವುದು ಒಳಗೇ ಕೊಳೆತಿದೆ
ಸಿಪ್ಪೆ ಸುಲಿಯದೆ ಹೇಳುವವಳು.
ಬಳೆ ಮೇಲೇರಿಸಿಕೊಂಡು, ಬೆರಳಗೆಣ್ಣಿನಿಂದ
ಗೇಣಿಗೊಂದು ಸಲ ತಟ್ಟಿದಳು.
ಟಣ್. ಟಣ್. ಟಣ್.
ಬೆಳ್ಳಕ್ಕಿಯೊಂದು ಕತ್ತು ಎತ್ತಿತು.
ಟಣ್. ಟಣ್.
ಹಿಂಬದಿಗೆ, ಎಂಜಿನ್ ನೇತುಬಿದ್ದ ಹಲಗೆಗೆ ಬಂದಾಗ
ದಬ್.
ಇನ್ನೊಮ್ಮೆ ತಟ್ಟಿದಳು.
ದಬ್.
'ಇಲ್ಲಿ ಒಳಗೆ ಮರ ಉಂಟಲ್ಲ, ಹಸಿಯಾಗಿದೆ' ಅಂದಳು.

ಚೌರಪ್ಪ ಟೋಪಿ ತೆಗೆದ.
ಎರಡು ಮಳೆಗಾಲದ ಹಿಂದೆ ಮುಳುಗಿತ್ತು ಅಮ್ಮ,
ಮೂರು ದಿನ ನೀರಡಿ ಇತ್ತು, ಯಾರೂ ಒಳಗಿರಲಿಲ್ಲ,
ನಾನೇ ಹಗ್ಗ ಕಟ್ಟಿ ಎತ್ತಿದೆ, ಹೇಳಬೇಕೆಂದಿದ್ದೆ.
ಹೇಳಬೇಕೆಂದಿದ್ದವನ ಮುಖ ಅದಾಗಿರಲಿಲ್ಲ.
ಆದರೂ ಬಂದದ್ದು ಬಂದಿರಿ,
ಒಂದು ಸುತ್ತು ಹೋಗೋಣ ಅಂದ.

ಹೋದೆವು. ಮೂರನೇ ಎಳೆತಕ್ಕೆ ಎಂಜಿನ್ ಕೆಮ್ಮಿ ಎದ್ದಿತು,
ಪಕ್ಕದ ತೂತಿನಿಂದ ಬೀಳಬೇಕಾದ ನೀರಿನ ಧಾರೆ
ಮುದುಕರ ಉಚ್ಚೆಯಂತೆ, ಬಂದು ನಿಂತು, ನಿಂತು ಬಂದು.
ಗಾಳಿಗೆ ಅವಳ ಸೆರಗು ನನ್ನ ಮುಖಕ್ಕೆ ಬಡಿಯಿತು.
ನಾವಿಬ್ಬರೂ ನಗುತ್ತಿದ್ದೆವು, ಯಾಕೋ ಜೋರಾಗಿ,
ನೀರಿನ ನಟ್ಟನಡುವೆ ಎಂಜಿನ್ ನಿಲ್ಲುವ ತನಕ.

ಆಮೇಲಿನ ಸದ್ದಿಲ್ಲದ ಹೊತ್ತಿನಲ್ಲಿ
ನನ್ನ ಎದೆ ನನಗೆ ಕೇಳಿಸಿತು.
ಚೌರಪ್ಪ ಹಗ್ಗ ಎಳೆಯುತ್ತಿದ್ದ, ಬೈಯುತ್ತಿದ್ದ, ಎಳೆಯುತ್ತಿದ್ದ.
ಅವಳು ನೀರಿಗೆ ಕೈ ಇಳಿಬಿಟ್ಟು ಕೂತಿದ್ದಳು,
ಮನೆಗೆ ಹೋಗುವ ಆತುರವೇ ಇಲ್ಲದವಳಂತೆ.

ದಡದಲ್ಲಿ ಚೌರಪ್ಪ ಹೆಗಲ ಟವೆಲ್ ಬಿಡಿಸಿ ಹಿಡಿದ,
ಎತ್ತಿನ ದಲ್ಲಾಳಿಗಳ ಹಾಗೆ.
ನಾನು ಕೈ ಚಾಚುವಷ್ಟರಲ್ಲಿ
ಅವಳ ಕೈ ಟವೆಲ್ಲಿನಡಿ ಹೋಗಿತ್ತು.
ಬಟ್ಟೆಯೊಳಗೆ ಬೆರಳುಗಳು ಒಂದನ್ನೊಂದು ಹಿಂಡಿದವು,
ಅವನು ತಲೆಯಾಡಿಸಿದ, ಇವಳು ತಲೆಯಾಡಿಸಿದಳು,
ನನಗೆ ಏನೂ ಕಾಣಲಿಲ್ಲ.
ಕೈ ಹೊರಗೆ ಬಂತು. ವ್ಯಾಪಾರ ಕುದುರಲಿಲ್ಲ.
ಎಷ್ಟು ಕೇಳಿದೆ ಅಂದರೆ ಇವತ್ತಿಗೂ ಹೇಳಿಲ್ಲ.

ರಾತ್ರಿ ಮಾತ್ರೆ ನುಂಗಿ ಮಲಗಿದ್ದೆ.
ನಿದ್ದೆ ಬಂದಿದೆ ಎಂದುಕೊಂಡಳೋ ಏನೋ,
ಬಳೆ ಮೇಲೇರಿಸಿದ ಸದ್ದಾಯಿತು.
ಎದೆಯ ಮೇಲೆ, ಎಡಕ್ಕೆ, ಬೆರಳಗೆಣ್ಣಿನಿಂದ
ಮೆಲ್ಲಗೆ ಒಂದು ಸಲ.
ಉಸಿರು ಹಿಡಿದೆ.
ಇನ್ನೊಂದು ಸಲ ತಟ್ಟಿದಳು.
ಏನು ಕೇಳಿಸಿತೋ,
ಅತ್ತ ತಿರುಗಿ ಹೊದಿಕೆ ಎಳೆದುಕೊಳ್ಳುತ್ತ
'ಲಕ್ಕವಳ್ಳಿಯಲ್ಲೂ ಒಂದು ಇದೆಯಂತೆ' ಅಂದಳು.
'ಭಾನುವಾರ ನೋಡೋಣ.'